ನಿಮ್ಮ ಆಟಕ್ಕೂ ಜೇಬಿಗೂ ಹೊಂದುವ ಏರ್‌ಸಾಫ್ಟ್ ಗನ್: ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ನಿಜವಾದ ಬಂದೂಕಿನ ಅಳತೆ ಮತ್ತು ರೂಪವನ್ನು ಹೊಂದಿದ್ದು, 6 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗುಂಡುಗಳನ್ನು ಗಾಳಿ ಅಥವಾ ಅನಿಲದ ಒತ್ತಡದಿಂದ ಹಾರಿಸುವ ಗನ್‌ಗಳನ್ನು ಹಿಡಿದು, ಕಾಡಿನಲ್ಲೋ ಪಾಳುಬಿದ್ದ ಕಟ್ಟಡದಲ್ಲೋ ಎರಡು ತಂಡಗಳಾಗಿ ಆಡುವ ಆಟವೇ ಏರ್‌ಸಾಫ್ಟ್. ಪೇಂಟ್‌ಬಾಲ್‌ನಲ್ಲಿ ಬೀಳುವಂತೆ ಇಲ್ಲಿ ಮೈಮೇಲೆ ಬಣ್ಣದ ಗುರುತು ಬೀಳುವುದಿಲ್ಲ. ಗುಂಡು ತಗುಲಿದವರು ತಾವಾಗಿಯೇ ಕೈಯೆತ್ತಿ ‘ಹಿಟ್’ ಎಂದು ಕೂಗಿ ಹೊರಗೆ ನಡೆಯಬೇಕು. ಆದ್ದರಿಂದ ಈ ಆಟದ ಬೇರು ಪ್ರಾಮಾಣಿಕತೆಯಲ್ಲಿದೆ, ಮತ್ತು ನನಗೆ ಇದು ಹಿಡಿಸಿದ್ದೂ ಅದಕ್ಕಾಗಿಯೇ. ಸಾಮಾನ್ಯ ಜನರು ಬಂದೂಕು ಇಟ್ಟುಕೊಳ್ಳುವುದು ಬಹುತೇಕ ಅಸಾಧ್ಯವಾಗಿರುವ ಜಪಾನಿನಲ್ಲಿ ಹುಟ್ಟಿದ ಈ ಹವ್ಯಾಸಕ್ಕೆ ಇಂದಿನ ರೂಪ ಬಂದದ್ದು, 1991ರಲ್ಲಿ ಟೋಕಿಯೋ ಮಾರುಯಿ ಕಂಪನಿಯು ಫ್ರಾನ್ಸಿನ ಫಾಮಾಸ್ ಬಂದೂಕಿನ ಮಾದರಿಯಲ್ಲಿ ಬ್ಯಾಟರಿಯಿಂದ ನಡೆಯುವ ಗನ್ನನ್ನು ಮಾರುಕಟ್ಟೆಗೆ ತಂದ ಮೇಲೆ.

ಕೆಲಸಕ್ಕೆಂದೋ ಓದಿಗೆಂದೋ ಇಂಗ್ಲೆಂಡಿಗೆ ಬಂದ ನಮ್ಮವರು ಸಹೋದ್ಯೋಗಿಗಳ ಜೊತೆ ಒಂದು ಭಾನುವಾರ ಈ ಆಟವಾಡಿ, ಅದೇ ರಾತ್ರಿ ಅಂಗಡಿಗಳ ಪುಟಗಳನ್ನು ತೆರೆದು ಕೂರುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಅವರಿಗೆ ನಾನು ಹೇಳುವುದು ಒಂದೇ ಮಾತು: ಗನ್ನನ್ನು ಕೊನೆಗೆ ಕೊಳ್ಳಿ. ಮೊದಲು ಆಡುವ ಜಾಗ, ಆಮೇಲೆ ಕಣ್ಣಿನ ರಕ್ಷಣೆ, ಆಮೇಲೆ ನಿಮ್ಮ ಆಟದ ರೀತಿ. ಇವು ಮೂರೂ ಗೊತ್ತಾದ ಮೇಲೆ ಯಾವ ಗನ್ ಬೇಕೆಂಬುದು ಬಹುಮಟ್ಟಿಗೆ ತಾನೇ ತೀರ್ಮಾನವಾಗಿರುತ್ತದೆ.

ಮೊದಲನೆಯ ಹೆಜ್ಜೆ: ಕಾನೂನು ತಿಳಿಯಿರಿ

2006ರ ವಯಲೆಂಟ್ ಕ್ರೈಮ್ ರಿಡಕ್ಷನ್ ಕಾಯ್ದೆಯ ಪ್ರಕಾರ, ನೋಡಲು ನಿಜವಾದ ಬಂದೂಕಿನಂತೆಯೇ ಇರುವ ನಕಲನ್ನು ತಯಾರಿಸುವುದು, ಆಮದು ಮಾಡುವುದು ಮತ್ತು ಮಾರುವುದು ಅಪರಾಧ. ಆದರೆ ಕೊಳ್ಳುವವರು ಸಾರ್ವಜನಿಕ ಹೊಣೆಗಾರಿಕೆ ವಿಮೆಯಿರುವ ಮೈದಾನದಲ್ಲಿ ಏರ್‌ಸಾಫ್ಟ್ ಆಡುವವರಾಗಿದ್ದರೆ ಮಾರುವವರಿಗೆ ಕಾನೂನಿನಲ್ಲಿ ರಕ್ಷಣೆಯಿದೆ. ಕೊಳ್ಳುವವರು ನಿಜಕ್ಕೂ ಆಟಗಾರರೇ ಎಂದು ತಿಳಿಯಲು ಅಂಗಡಿಯವರು ಬಳಸುವ ಪಟ್ಟಿಯ ಹೆಸರು ‘ಯುಕಾರ’. ಒಂದು ಮೈದಾನದಲ್ಲಿ ಕನಿಷ್ಠ 56 ದಿನಗಳ ಅವಧಿಯಲ್ಲಿ ಕನಿಷ್ಠ ಮೂರು ಬಾರಿ ಆಡಿದ ಮೇಲೆ ಆ ಮೈದಾನದವರು ನಿಮ್ಮ ಹೆಸರನ್ನು ಆ ಪಟ್ಟಿಗೆ ಸೇರಿಸುತ್ತಾರೆ, ಮತ್ತು ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದು ಪರವಾನಗಿಯಲ್ಲ, ನೀವು ಆಟಗಾರರೆಂಬುದಕ್ಕೆ ಪುರಾವೆ ಮಾತ್ರ ಎಂಬುದನ್ನು ನೆನಪಿನಲ್ಲಿಡಬೇಕು.

ಈ ಪಟ್ಟಿಯಲ್ಲಿ ಇಲ್ಲದವರು, 18 ವರ್ಷ ತುಂಬಿದ್ದರೆ, ‘ಟೂ-ಟೋನ್’ ಎಂದು ಕರೆಯಲಾಗುವ ಗನ್ ಕೊಳ್ಳಬಹುದು. ಅದರ ಹೊರಮೈಯ ಬಹುಭಾಗ ಕಣ್ಣಿಗೆ ಹೊಡೆಯುವ ನೀಲಿ, ಕಿತ್ತಳೆ, ಹಸಿರು ಮುಂತಾದ ಬಣ್ಣದಲ್ಲಿರುತ್ತದೆ. ಒಳಗಿನ ಯಂತ್ರ ಮಾತ್ರ ಕಪ್ಪು ಗನ್ನಿನದ್ದೇ. ಅದನ್ನು ಮನೆಯಲ್ಲಿ ಕಪ್ಪು ಬಣ್ಣ ಬಳಿದು ಬದಲಾಯಿಸಿದರೆ ಕಾನೂನಿನ ದೃಷ್ಟಿಯಲ್ಲಿ ನೀವು ನಿಜರೂಪದ ನಕಲೊಂದನ್ನು ತಯಾರಿಸಿದಂತೆಯೇ ಆಗುತ್ತದೆ, ಹಾಗಾಗಿ ಆಟಗಾರರೆಂಬ ಪುರಾವೆ ಅದಕ್ಕೂ ಬೇಕು. 18 ತುಂಬದವರಿಗೆ ಯಾವ ನಕಲು ಬಂದೂಕನ್ನೂ ಮಾರುವಂತಿಲ್ಲ; ಮಕ್ಕಳಿಗಾಗಿ ತಂದೆತಾಯಿಯೇ ಕೊಂಡು ಕೊಡಬೇಕಾಗುತ್ತದೆ. ನಾನು ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿಗೆ ಅನ್ವಯಿಸುವ ಮಾತು; ಉತ್ತರ ಐರ್ಲೆಂಡಿನ ಬಂದೂಕು ಕಾನೂನು ಬೇರೆಯೇ ಆಗಿದೆ.

ಎರಡನೆಯ ಹೆಜ್ಜೆ: ಆ 56 ದಿನಗಳನ್ನು ಬಳಸಿಕೊಳ್ಳಿ

ಹೊಸಬರು ಈ ಎರಡು ತಿಂಗಳನ್ನು ಅಡ್ಡಿಯೆಂದು ಭಾವಿಸುತ್ತಾರೆ. ಸರಿಯಾದ ಗನ್ ಆರಿಸಿಕೊಳ್ಳಲು ಅಷ್ಟು ಸಮಯ ಹೇಗೂ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಹುತೇಕ ಎಲ್ಲ ಮೈದಾನಗಳಲ್ಲೂ ಗನ್, ಮುಖವಾಡ, ಗುಂಡು ಎಲ್ಲವೂ ಬಾಡಿಗೆಗೆ ಸಿಗುತ್ತವೆ. ದಿನದ ಪ್ರವೇಶಕ್ಕೆ ಸುಮಾರು 25ರಿಂದ 40 ಪೌಂಡ್, ಬಾಡಿಗೆಗೆ ಅದರ ಮೇಲೆ ಇನ್ನು 15ರಿಂದ 30 ಪೌಂಡ್ ಆಗಬಹುದು. ಮೂರು ಬಾರಿ ಬಾಡಿಗೆ ಕೊಡುವುದು ದಂಡವೆಂದು ತೋರಿದರೂ, ತಪ್ಪಾಗಿ ಕೊಂಡ ಗನ್ನನ್ನು ಅರ್ಧ ಬೆಲೆಗೆ ಮಾರುವ ನಷ್ಟದ ಮುಂದೆ ಅದು ಚಿಕ್ಕದು.

ಈ ಮೂರು ದಿನಗಳಲ್ಲಿ ಸಾಧ್ಯವಾದರೆ ಒಮ್ಮೆ ಕಾಡಿನಲ್ಲಿ, ಒಮ್ಮೆ ಕಟ್ಟಡದೊಳಗೆ ಆಡಿ ನೋಡಿ. ನೀವು ಮುನ್ನುಗ್ಗುವವರೋ, ಮರದ ಹಿಂದೆ ಕಾದು ಕೂರುವವರೋ? ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ತೋಳು ಎಷ್ಟು ನೋಯುತ್ತದೆ? ಒಂದು ಸುತ್ತಿನಲ್ಲಿ ಎಷ್ಟು ಗುಂಡು ಖರ್ಚಾಗುತ್ತದೆ? ಇವನ್ನು ಅದೇ ದಿನ ಸಂಜೆ ಬರೆದಿಟ್ಟುಕೊಳ್ಳಿ. ಊಟದ ಬಿಡುವಿನಲ್ಲಿ ಪಕ್ಕದಲ್ಲಿ ಕೂತವರನ್ನು ವಿನಯದಿಂದ ಕೇಳಿದರೆ ತಮ್ಮ ಗನ್ನನ್ನು ಕೈಗೆ ಕೊಟ್ಟು, ಗುರಿ ಅಭ್ಯಾಸದ ಜಾಗದಲ್ಲಿ ಹಾರಿಸಲೂ ಬಿಡುತ್ತಾರೆ. ಯಾವ ಅಂಗಡಿಯೂ ನಿಮಗೆ ಅಷ್ಟು ಬಗೆಯ ಗನ್‌ಗಳನ್ನು ಹಾಗೆ ಪರೀಕ್ಷಿಸಲು ಕೊಡಲಾರದು.

ಮೂರನೆಯ ಹೆಜ್ಜೆ: ಮೊದಲ ಖರ್ಚು ಕಣ್ಣಿಗೆ

ಕಣ್ಣಿನ ರಕ್ಷಣೆಗೆಂದು ಮಾಡಿದ ಕನ್ನಡಕಗಳ ಮೇಲೆ ಇಎನ್ 166 ಎಂಬ ಯುರೋಪಿನ ಮಾನದಂಡದ ಗುರುತು ಇರುತ್ತದೆ. ಅದರ ಪರೀಕ್ಷೆಯಲ್ಲಿ 6 ಮಿಲಿಮೀಟರ್ ವ್ಯಾಸದ, ಸುಮಾರು 0.86 ಗ್ರಾಂ ತೂಕದ ಉಕ್ಕಿನ ಗೋಲಿಯನ್ನು ಗಾಜಿಗೆ ಹೊಡೆಯುತ್ತಾರೆ. ‘ಎಫ್’ ಗುರುತಿದ್ದರೆ ಆ ಗೋಲಿಯ ವೇಗ ಸೆಕೆಂಡಿಗೆ 45 ಮೀಟರ್. ‘ಬಿ’ ಗುರುತಿದ್ದರೆ 120 ಮೀಟರ್. ಶಕ್ತಿಯ ಲೆಕ್ಕದಲ್ಲಿ ಹೇಳುವುದಾದರೆ ‘ಎಫ್’ ಎಂದರೆ ಸುಮಾರು 0.87 ಜೂಲ್, ‘ಬಿ’ ಎಂದರೆ ಸುಮಾರು 6.2 ಜೂಲ್. ಮೈದಾನದಲ್ಲಿ ಸಾಮಾನ್ಯ ಗನ್ನಿನಿಂದ ಹೊರಡುವ ಗುಂಡಿನ ಶಕ್ತಿ ಸುಮಾರು 1.1 ಜೂಲ್ ವರೆಗೂ ಇರಬಹುದು, ದೂರದ ಗುರಿಗೆಂದು ಮಾಡಿದ ಸ್ನೈಪರ್ ಗನ್‌ಗಳದ್ದು 2.3 ಜೂಲ್ ವರೆಗೂ ಹೋಗುತ್ತದೆ. ಹಾಗಾಗಿ ‘ಎಫ್’ ಗುರುತಿನ ಕಾರ್ಖಾನೆ ಕನ್ನಡಕ ಈ ಆಟಕ್ಕೆ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ‘ಬಿ’ ಗುರುತಿನ ಗಾಗಲ್ ಬೇಕೇ ಬೇಕು. ಗಾಜಿನ ಮೇಲೂ ಚೌಕಟ್ಟಿನ ಮೇಲೂ ಆ ಅಕ್ಷರ ಅಚ್ಚಾಗಿದೆಯೇ ಎಂದು ನೋಡಿಯೇ ಕೊಳ್ಳಿ.

ದೃಷ್ಟಿಗಾಗಿ ಕನ್ನಡಕ ಹಾಕುವವರಿಗೆ ಆವಿ ಕಟ್ಟುವುದೇ ದೊಡ್ಡ ತೊಂದರೆ. ಇಂಗ್ಲೆಂಡಿನ ಒದ್ದೆ ಕಾಡಿನಲ್ಲಿ ಬೆವರುತ್ತಾ ಓಡಿದರೆ ಐದು ನಿಮಿಷದಲ್ಲಿ ಎದುರಿನದು ಕಾಣದಾಗುತ್ತದೆ, ಆಗ ಕೈ ತಾನಾಗಿಯೇ ಗಾಗಲ್ ಎತ್ತಲು ಹೋಗುತ್ತದೆ. ಅಪಾಯವಾಗುವುದು ಆ ಕ್ಷಣದಲ್ಲೇ. ಎರಡು ಪದರದ ಗಾಜಿರುವ, ಕನ್ನಡಕದ ಮೇಲೆ ಹಾಕಿಕೊಳ್ಳಬಹುದಾದ ಗಾಗಲ್‌ಗೆ ಹತ್ತು ಪೌಂಡ್ ಹೆಚ್ಚು ಕೊಡಲು ಹಿಂಜರಿಯಬೇಡಿ. ತಂತಿಯ ಜಾಲರಿಯ ಗಾಗಲ್ ಆವಿ ಕಟ್ಟುವುದಿಲ್ಲ, ನಿಜ. ಆದರೆ ಒಡೆದ ಗುಂಡಿನ ಚೂರು ಜಾಲರಿಯ ಕಣ್ಣುಗಳಲ್ಲಿ ನುಸುಳಬಹುದಾದ್ದರಿಂದ ನಾನು ಅದನ್ನು ಯಾರಿಗೂ ಸೂಚಿಸುವುದಿಲ್ಲ. ಬಾಯಿ ಮತ್ತು ಹಲ್ಲಿಗೆ ಮಾತ್ರ ಜಾಲರಿಯ ಕೆಳಮುಖವಾಡ ಚೆನ್ನಾಗಿಯೇ ಒದಗುತ್ತದೆ. ಅದಿಲ್ಲದೆ ಆಡಿ ಹಲ್ಲು ಮುರಿದುಕೊಂಡವರಿದ್ದಾರೆ, ಮತ್ತು ಒಂದು ಹಲ್ಲು ಕಟ್ಟಿಸುವ ಖರ್ಚಿನಲ್ಲಿ ಒಳ್ಳೆಯ ಗನ್ನೇ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಶಕ್ತಿಯ ಮಿತಿಯನ್ನು ಅರ್ಥಮಾಡಿಕೊಳ್ಳಿ

ಗನ್ನಿನ ಶಕ್ತಿಯನ್ನು ಎಫ್‌ಪಿಎಸ್, ಅಂದರೆ ಗುಂಡು ಸೆಕೆಂಡಿಗೆ ಎಷ್ಟು ಅಡಿ ಸಾಗುತ್ತದೆ ಎಂಬ ಲೆಕ್ಕದಲ್ಲಿ, 0.20 ಗ್ರಾಂ ಗುಂಡನ್ನು ಆಧಾರವಾಗಿಟ್ಟು ಹೇಳುವುದು ವಾಡಿಕೆ. ಬ್ರಿಟನ್ನಿನ ಹೆಚ್ಚಿನ ಮೈದಾನಗಳಲ್ಲಿ ಸಾಮಾನ್ಯ ಗನ್‌ಗೆ 350 ಎಫ್‌ಪಿಎಸ್, ಅಂದರೆ ಸುಮಾರು 1.14 ಜೂಲ್ ಮಿತಿಯಿದೆ. ಒಂದೊಂದೇ ಗುಂಡು ಹಾರಿಸುವ ಬೋಲ್ಟ್ ಮಾದರಿಯ ಸ್ನೈಪರ್‌ಗೆ 500 ಎಫ್‌ಪಿಎಸ್ ವರೆಗೆ ಬಿಡುತ್ತಾರಾದರೂ, 30 ಮೀಟರಿಗಿಂತ ಹತ್ತಿರದಲ್ಲಿರುವವರ ಮೇಲೆ ಅದನ್ನು ಹಾರಿಸುವಂತಿಲ್ಲ. ಕಟ್ಟಡದೊಳಗಿನ ಮೈದಾನಗಳಲ್ಲಿ ಮಿತಿ ಇನ್ನೂ ಕಡಿಮೆಯಿರಬಹುದು, ಸತತವಾಗಿ ಹಾರಿಸುವುದಕ್ಕೆ ನಿಷೇಧವೂ ಇರಬಹುದು. ಇವೆಲ್ಲ ಮೈದಾನದ ನಿಯಮಗಳು. ದೇಶದ ಕಾನೂನಿನ ಗೆರೆ ಇದಕ್ಕಿಂತ ಮೇಲಿದೆ: 2017ರ ಪೊಲೀಸಿಂಗ್ ಆ್ಯಂಡ್ ಕ್ರೈಮ್ ಕಾಯ್ದೆಯಂತೆ ಸತತವಾಗಿ ಹಾರಿಸಬಲ್ಲ ಏರ್‌ಸಾಫ್ಟ್ ಗನ್‌ಗೆ 1.3 ಜೂಲ್, ಒಂದೊಂದೇ ಹಾರಿಸುವಂಥದಕ್ಕೆ 2.5 ಜೂಲ್. ಅದನ್ನು ಮೀರಿದ ಗನ್ ಆಟದ ಸಾಮಗ್ರಿಯೆಂಬ ವಿನಾಯಿತಿಯನ್ನು ಕಳೆದುಕೊಳ್ಳುತ್ತದೆ. ಬೇರೆ ದೇಶದ ಅಂಗಡಿಯಿಂದ ಅಗ್ಗವಾಗಿ ತರಿಸುವವರು, ಗಟ್ಟಿ ಸ್ಪ್ರಿಂಗ್ ಹಾಕಿಸುವವರು ಈ ಗೆರೆಯನ್ನು ಮರೆಯಬಾರದು.

ಇಷ್ಟಕ್ಕೂ ಹೆಚ್ಚು ಎಫ್‌ಪಿಎಸ್ ಎಂದರೆ ಹೆಚ್ಚು ದೂರ ಎಂಬುದು ತಪ್ಪು ತಿಳಿವಳಿಕೆ. ಗುಂಡು ದೂರ ಸಾಗುವುದು ಮುಖ್ಯವಾಗಿ ಹಾಪ್-ಅಪ್ ಎಂಬ ಭಾಗದಿಂದ. ನಳಿಗೆಯ ಬುಡದಲ್ಲಿರುವ ಸಣ್ಣ ರಬ್ಬರು ಗುಂಡಿನ ಮೇಲ್ಭಾಗವನ್ನು ಒತ್ತಿ ಅದಕ್ಕೆ ಹಿಮ್ಮುಖ ಸುತ್ತು ಕೊಡುತ್ತದೆ. ಸುತ್ತುತ್ತಾ ಹೋಗುವ ಗುಂಡನ್ನು ಗಾಳಿ ಮೇಲಕ್ಕೆತ್ತಿ ಹಿಡಿಯುವುದರಿಂದ ಅದು ಬೇಗ ನೆಲಕ್ಕೆ ಬೀಳುವುದಿಲ್ಲ. ಒಳ್ಳೆಯ ರಬ್ಬರು, ಶುದ್ಧವಾದ ನಳಿಗೆ, 0.28 ಅಥವಾ 0.30 ಗ್ರಾಂ ತೂಕದ ನುಣುಪಾದ ಗುಂಡು, ಇಷ್ಟಿದ್ದರೆ ಸಾಮಾನ್ಯ ಗನ್ನಿನಲ್ಲೇ 40ರಿಂದ 50 ಮೀಟರ್ ದೂರದವರನ್ನು ತಲುಪಬಹುದು. ಹಗುರವಾದ 0.20 ಗ್ರಾಂ ಗುಂಡನ್ನು ಕಾಡಿನ ಗಾಳಿ ಎಲ್ಲಿಗೋ ಎತ್ತಿಕೊಂಡು ಹೋಗುತ್ತದೆ.

ಐದನೆಯ ಹೆಜ್ಜೆ: ಯಂತ್ರದ ಬಗೆಯನ್ನು ಆರಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಬ್ಯಾಟರಿಯಿಂದ ನಡೆಯುವ ಗನ್ನನ್ನು ಆಟಗಾರರು ‘ಎಇಜಿ’ ಎನ್ನುತ್ತಾರೆ. ಮೋಟಾರು ಗೇರುಗಳನ್ನು ತಿರುಗಿಸುತ್ತದೆ, ಗೇರು ಪಿಸ್ಟನ್ನನ್ನು ಹಿಂದಕ್ಕೆಳೆದು ಸ್ಪ್ರಿಂಗನ್ನು ಅದುಮುತ್ತದೆ, ಬಿಟ್ಟಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಗುಂಡಿನ ಹಿಂದೆ ತಳ್ಳುತ್ತದೆ. ಚಳಿಗೆ ಇದು ಅಷ್ಟಾಗಿ ಜಗ್ಗುವುದಿಲ್ಲ, ಬಿಡಿಭಾಗಗಳು ಎಲ್ಲೆಡೆ ಸಿಗುತ್ತವೆ, 100ರಿಂದ 150 ಗುಂಡು ಹಿಡಿಯುವ ‘ಮಿಡ್-ಕ್ಯಾಪ್’ ಮ್ಯಾಗಜಿನ್ (ಗನ್ನಿಗೆ ಸಿಕ್ಕಿಸುವ ಗುಂಡಿನ ಪೆಟ್ಟಿಗೆ) ಒಂದಕ್ಕೆ 8ರಿಂದ 15 ಪೌಂಡ್ ಸಾಕು. ಮೊದಲ ಗನ್ ಯಾವುದೆಂದು ಕೇಳಿದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ನಾನು ಇದನ್ನೇ ಹೇಳುತ್ತೇನೆ.

ಅನಿಲದಿಂದ ನಡೆಯುವ ‘ಗ್ಯಾಸ್ ಬ್ಲೋಬ್ಯಾಕ್’ ಗನ್ ಕೈಯಲ್ಲಿ ಹಿಡಿದರೆ ಮನಸ್ಸು ಸೋಲುತ್ತದೆ. ಪ್ರತಿ ಹೊಡೆತಕ್ಕೂ ಬೋಲ್ಟು ಹಿಂದೆ ಮುಂದೆ ಚಲಿಸಿ ಭುಜಕ್ಕೆ ಒದೆ ಕೊಡುತ್ತದೆ. ಆದರೆ ದ್ರವ ಅನಿಲವು ಆವಿಯಾಗುವಾಗ ಮ್ಯಾಗಜಿನ್ನಿನ ಶಾಖವನ್ನೇ ಹೀರಿಕೊಂಡು ಅದನ್ನು ತಣ್ಣಗಾಗಿಸುತ್ತದೆ. ತಣ್ಣಗಾದಷ್ಟೂ ಒತ್ತಡ ಇಳಿಯುತ್ತದೆ. ಜನವರಿಯ ಬೆಳಿಗ್ಗೆ 4 ಡಿಗ್ರಿಯಲ್ಲಿ ಒಂದಿಷ್ಟು ಗುಂಡು ಬೇಗಬೇಗನೆ ಹಾರಿಸುವಷ್ಟರಲ್ಲಿ ಅದು ಉಸಿರು ಕಟ್ಟಿದಂತೆ ಒದ್ದಾಡತೊಡಗುತ್ತದೆ. ರೈಫಲ್ ಮ್ಯಾಗಜಿನ್ ಒಂದಕ್ಕೆ 35ರಿಂದ 50 ಪೌಂಡ್, ಹಿಡಿಯುವುದು ಸಾಮಾನ್ಯವಾಗಿ 30ರ ಆಸುಪಾಸಿನ ಗುಂಡು. ಆರು ಮ್ಯಾಗಜಿನ್ ಕೊಂಡರೆ ಗನ್ನಿನ ಬೆಲೆಯ ಅರ್ಧ ಅವುಗಳಿಗೇ ಹೋಗುತ್ತದೆ. ಎರಡನೆಯ ಗನ್ನಾಗಿ, ಬೇಸಿಗೆಯ ಆಟಕ್ಕೆ ಇದು ಅತ್ಯಂತ ಸಂತೋಷ ಕೊಡುತ್ತದೆ. ಪಿಸ್ತೂಲಿನ ಮಾತು ಬೇರೆ: ಜೊತೆಗಿಡುವ ಎರಡನೆಯ ಆಯುಧವಾಗಿ ಒಂದು ಗ್ಯಾಸ್ ಪಿಸ್ತೂಲು ಹೆಚ್ಚಿನವರ ಬಳಿ ಇರುತ್ತದೆ, ಆದರೆ ಮೊದಲ ಆರು ತಿಂಗಳು ಅದಿಲ್ಲದೆಯೂ ನಡೆಯುತ್ತದೆ.

ಸಿಲಿಂಡರಿನಲ್ಲಿ ತುಂಬಿದ ಅಧಿಕ ಒತ್ತಡದ ಗಾಳಿಯಿಂದ ನಡೆಯುವ ‘ಎಚ್‌ಪಿಎ’ ಪದ್ಧತಿ ಬಹಳ ಸಮನಾದ ಹೊಡೆತ ಕೊಡುತ್ತದೆ. ಅದಕ್ಕೆ ಸಿಲಿಂಡರ್, ರೆಗ್ಯುಲೇಟರ್, ಕೊಳವೆ, ಗಾಳಿ ತುಂಬಿಸುವ ಸೌಲಭ್ಯ ಎಲ್ಲವೂ ಬೇಕು. ಹೊಸಬರಿಗೆ ಸದ್ಯಕ್ಕೆ ಬೇಡ.

ಸ್ನೈಪರ್ ಬಗ್ಗೆ ಮಾತ್ರ ಎಚ್ಚರಿಕೆಯ ಮಾತು ಹೇಳಲೇಬೇಕು. ಹೊಸಬರ ಮನಸ್ಸು ಮೊದಲು ಹೋಗುವುದು ಅದರ ಕಡೆಗೆ. ಡಬ್ಬಿಯಿಂದ ತೆಗೆದ ಅಗ್ಗದ ಸ್ನೈಪರ್ ಒಳ್ಳೆಯ ಎಇಜಿಗಿಂತ ಹೆಚ್ಚು ದೂರ ಹೊಡೆಯುವುದು ಅಪರೂಪ. ಅದನ್ನು ನಿಜವಾಗಿ ಸಾಧನವಾಗಿಸಲು ನಳಿಗೆ, ಹಾಪ್ ರಬ್ಬರು, ಟ್ರಿಗರ್ ಭಾಗಗಳನ್ನು ಬದಲಿಸಿ 0.40 ಗ್ರಾಂ ದಾಟಿದ ದುಬಾರಿ ಗುಂಡುಗಳನ್ನು ಬಳಸಬೇಕು. ಜೊತೆಗೆ 30 ಮೀಟರಿನೊಳಗೆ ಬಂದವರಿಗೆಂದು ಬೇರೆ ಪಿಸ್ತೂಲು ಬೇಕು. ತಾಳ್ಮೆಯಿಂದ ಗಂಟೆಗಟ್ಟಲೆ ಮಲಗಿ ದಿನಕ್ಕೆ ಹತ್ತು ಗುಂಡು ಹಾರಿಸಿ ತೃಪ್ತರಾಗುವ ಸ್ವಭಾವ ನಿಮ್ಮದೆಂದು ಖಚಿತವಾದ ಮೇಲೆ ಅತ್ತ ಹೋಗಿ.

ಆರನೆಯ ಹೆಜ್ಜೆ: ಮಾದರಿ, ಉದ್ದ, ತೂಕ

ಅಮೆರಿಕದ ಸೇನೆಯ ಎಂ4 ರೈಫಲ್ಲಿನ ಮಾದರಿಯ ಗನ್‌ಗಳು ಎಷ್ಟು ಸಾಮಾನ್ಯವೆಂದರೆ ಅವುಗಳ ಮ್ಯಾಗಜಿನ್ನನ್ನು ಗೆಳೆಯರಿಂದ ಎರವಲು ಪಡೆಯಬಹುದು, ಗೇರ್‌ಬಾಕ್ಸ್ ಕೆಟ್ಟರೆ ಯಾವ ರಿಪೇರಿಯವರಿಗೂ ಗೊತ್ತಿರುತ್ತದೆ, ಭುಜಕ್ಕೆ ಆನಿಸುವ ಹಿಂಬದಿಯ ಭಾಗವಾದ ಸ್ಟಾಕನ್ನು ನಿಮ್ಮ ತೋಳಿನ ಉದ್ದಕ್ಕೆ ಹೊಂದಿಸಿಕೊಳ್ಳಬಹುದು. ಎಕೆ ಮಾದರಿ ಇಷ್ಟವಿದ್ದರೆ ಅದೂ ತಪ್ಪಲ್ಲ. ಚೀನಾದ ಸೈಮಾ ಕಂಪನಿಯ ಎಕೆಗಳು ಕಡಿಮೆ ಬೆಲೆಗೆ ಗಟ್ಟಿಯೆಂದು ಹೆಸರಾಗಿವೆ. ತೈವಾನಿನ ಜಿ ಆ್ಯಂಡ್ ಜಿ, ಪೋಲೆಂಡಿನ ಸ್ಪೆಕ್ನಾ ಆರ್ಮ್ಸ್ ಹೆಸರಿನ ಪ್ರವೇಶ ಮಟ್ಟದ ಗನ್‌ಗಳು 120ರಿಂದ 200 ಪೌಂಡ್‌ಗಳ ನಡುವೆ ಸಿಗುತ್ತವೆ, ಮತ್ತು ಮೊದಲ ಎರಡು ವರ್ಷ ಅವು ಸಾಕಾಗುತ್ತವೆ. ಟೋಕಿಯೋ ಮಾರುಯಿ ಗನ್‌ಗಳ ಹಾಪ್-ಅಪ್ ಮತ್ತು ಜೋಡಣೆಯ ನಾಜೂಕು ಬೇರೆಯೇ ದರ್ಜೆಯದು. ಜಪಾನಿನ ಕಾನೂನಿನ ಮಿತಿ 0.98 ಜೂಲ್ ಆದ್ದರಿಂದ ಅವುಗಳ ಶಕ್ತಿ ಕೊಂಚ ಕಡಿಮೆಯಿದ್ದರೂ ಗುರಿಯಲ್ಲಿ ಹಿಂದೆ ಬೀಳುವುದಿಲ್ಲ.

ಪೂರ್ತಿ ಲೋಹದ ಮೈ ಬೇಕೆಂಬ ಹಂಬಲವನ್ನು ಸ್ವಲ್ಪ ಹಿಡಿದಿಡಿ. ಒಳ್ಳೆಯ ನೈಲಾನ್ ಬಲವಾಗಿಯೂ ಹಗುರವಾಗಿಯೂ ಇರುತ್ತದೆ. ಮೂರೂವರೆ ಕಿಲೋ ತೂಕ ಅಂಗಡಿಯಲ್ಲಿ ಹಿತವೆನಿಸಿದರೂ, ಆರು ಗಂಟೆ ಹೊತ್ತು ಓಡಿದ ಮೇಲೆ ಹಾಗೆ ಅನಿಸುವುದಿಲ್ಲ. ಕಟ್ಟಡದೊಳಗೆ ಹೆಚ್ಚು ಆಡುವವರಾದರೆ ಉದ್ದ ನಳಿಗೆ ಪ್ರತಿ ಬಾಗಿಲಿಗೂ ತಾಗುತ್ತದೆ, ಚಿಕ್ಕದನ್ನೇ ಆರಿಸಿ. ಕೊಳ್ಳುವ ಮೊದಲು ನಿಮ್ಮ ಗಾಗಲ್ ಮತ್ತು ಕೆಳಮುಖವಾಡ ಹಾಕಿಕೊಂಡೇ ಗನ್ನನ್ನು ಕೆನ್ನೆಗೆ ಆನಿಸಿ ನೋಡಿ. ಮುಖವಾಡ ಅಡ್ಡ ಬಂದು ಗುರಿಯ ಗೆರೆಯೇ ಕಾಣದಿದ್ದರೆ ಎತ್ತರದ ‘ಸೈಟ್’ (ಗುರಿ ಹಿಡಿಯುವ ಸಾಧನ) ಬೇಕಾಗುತ್ತದೆ.

ಏಳನೆಯ ಹೆಜ್ಜೆ: ಹಣವನ್ನು ಹಂಚಿ

ನಿಮ್ಮ ಬಳಿ 300 ಪೌಂಡ್ ಇದೆಯೆನ್ನಿ. ಗಾಗಲ್ ಮತ್ತು ಕೆಳಮುಖವಾಡಕ್ಕೆ 45, ಎಇಜಿಗೆ 160, ಬ್ಯಾಟರಿ, ಚಾರ್ಜರ್ ಮತ್ತು ಬೆಂಕಿ ತಡೆಯುವ ಚೀಲಕ್ಕೆ 40, ಎರಡು ಹೆಚ್ಚುವರಿ ಮ್ಯಾಗಜಿನ್‌ಗೆ 25, ಒಂದು ಕಿಲೋ ಜೈವಿಕ ಗುಂಡಿಗೆ 15. ಉಳಿದ 15ರಲ್ಲಿ ಹೆಗಲಪಟ್ಟಿ. ಮಣ್ಣಿನಲ್ಲಿ ಕರಗುವ ಜೈವಿಕ ಗುಂಡನ್ನೇ ಬಳಸಬೇಕೆಂದು ಕಾಡಿನ ಮೈದಾನಗಳು ಹೇಳುವುದು ಸಾಮಾನ್ಯ. 0.25 ಗ್ರಾಂ ಗುಂಡಾದರೆ ಕಿಲೋಗೆ 4,000 ಬರುತ್ತವೆ. ಹದವಾಗಿ ಹಾರಿಸುವವರಿಗೆ ಎರಡು ಮೂರು ದಿನದ ಆಟಕ್ಕೆ ಅಷ್ಟು ಸಾಕು. ಮೊಳಕಾಲಿಗಿಂತ ಕಣಕಾಲು ಉಳುಕುವುದೇ ಹೆಚ್ಚು, ಹಾಗಾಗಿ ಚಾರಣದ ಗಟ್ಟಿ ಬೂಟು ಮನೆಯಲ್ಲಿದ್ದರೆ ಅದನ್ನೇ ಹಾಕಿಕೊಳ್ಳಿ. ಸೈನಿಕರ ಉಡುಪು, ದುರ್ಬೀನು, ಲೇಸರ್ ಯಾವುದೂ ಈಗ ಬೇಡ.

150 ಪೌಂಡ್ ಮಾತ್ರ ಇದ್ದರೆ ಗಾಗಲ್ ಕೊಂಡು ಗನ್ನನ್ನು ಇನ್ನೂ ಕೆಲವು ತಿಂಗಳು ಬಾಡಿಗೆಗೆ ಪಡೆಯುವುದೇ ಜಾಣತನ, ಇಲ್ಲವೇ ಪರಿಚಿತ ಆಟಗಾರರಿಂದ ಹಳೆಯ ಗನ್ ನೋಡಬಹುದು. ಹಳೆಯದನ್ನು ಕೊಳ್ಳುವಾಗ ಎದುರಿಗೇ ಹಾರಿಸಿ ತೋರಿಸಲು ಕೇಳಿ, ವೇಗ ಅಳೆಯಿಸಿ. ಗೇರ್‌ಬಾಕ್ಸಿನಿಂದ ಕಿರಿಚುವ ಸದ್ದು ಬಂದರೆ ಅಥವಾ ಒಂದೊಂದು ಗುಂಡಿಗೂ ವೇಗ 20–30 ಎಫ್‌ಪಿಎಸ್ ಏರುಪೇರಾದರೆ ಬಿಟ್ಟುಬಿಡಿ. ಒಳಗೆ ಏನೇನು ಬದಲಿಸಲಾಗಿದೆ ಎಂಬ ಪಟ್ಟಿ ಉದ್ದವಾದಷ್ಟೂ ನಾನು ಅನುಮಾನ ಪಡುತ್ತೇನೆ. ಖಾಸಗಿಯಾಗಿ ಮಾರುವವರೂ ನೀವು ಆಟಗಾರರೆಂಬ ಪುರಾವೆ ಕೇಳುತ್ತಾರೆ, ಕೇಳಲೂಬೇಕು.

ಎಂಟನೆಯ ಹೆಜ್ಜೆ: ಬ್ಯಾಟರಿ ಮತ್ತು ಮನೆಯಲ್ಲಿನ ಜವಾಬ್ದಾರಿ

ಹೊಸ ಗನ್‌ಗೆ 7.4 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ ಸಾಕು. 11.1 ವೋಲ್ಟ್ ಹಾಕಿದರೆ ವೇಗವಾಗಿ ಹಾರಿಸುತ್ತದೆಂಬುದು ನಿಜವಾದರೂ, ಅದಕ್ಕೆಂದು ಕಟ್ಟದ ಗನ್ನಿನ ಟ್ರಿಗರ್ ಸಂಪರ್ಕಗಳು ಸುಟ್ಟು ಗೇರು ಹಲ್ಲು ಉದುರಿಸಿಕೊಳ್ಳುತ್ತದೆ. ಕೊಳ್ಳುವಾಗಲೇ ಗನ್ನಿನ ಪ್ಲಗ್ ಟಮಿಯಾ ಬಗೆಯದೋ ಡೀನ್ಸ್ ಬಗೆಯದೋ ನೋಡಿ, ಬ್ಯಾಟರಿ ಕೂರುವ ಜಾಗ ಎಷ್ಟಿದೆ ಎಂದೂ ಅಳೆಯಿರಿ. ಪ್ರತಿ ಕೋಶವನ್ನೂ ಸಮನಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರನ್ನೇ ಬಳಸಿ. ಒಂದು ಕೋಶ 4.2 ವೋಲ್ಟಿಗೆ ತುಂಬುತ್ತದೆ, 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ, ವಾರಗಟ್ಟಲೆ ಇಡುವುದಾದರೆ 3.8ರ ಆಸುಪಾಸಿನಲ್ಲಿರಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ. ಚಾರ್ಜಿಗೆ ಹಾಕಿ ಮಲಗಲೂ ಬೇಡಿ.

ಕೊಡಗಿನ ನನ್ನ ಅಜ್ಜನ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿದ ಮೇಲೂ, ಮಕ್ಕಳು ಖಾಲಿ ಕೋವಿಯ ಬಾಯನ್ನು ಯಾರ ಕಡೆಗಾದರೂ ತಿರುಗಿಸಿದರೆ ಹಿರಿಯರು ಗದರುತ್ತಿದ್ದರು. ಪ್ಲಾಸ್ಟಿಕ್ ಗುಂಡಿನ ಗನ್‌ಗೂ ಅದೇ ಶಿಸ್ತು ಸಲ್ಲುತ್ತದೆ. ಆಟ ಮುಗಿದೊಡನೆ ಮ್ಯಾಗಜಿನ್ ತೆಗೆದು, ನಳಿಗೆಯಲ್ಲಿ ಉಳಿದ ಗುಂಡನ್ನು ನೆಲದತ್ತ ಹಾರಿಸಿ, ಬ್ಯಾಟರಿ ಕಳಚಿ, ಮುಚ್ಚಿದ ಚೀಲದೊಳಗೆ ಇಡಿ. ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ನಕಲು ಬಂದೂಕನ್ನು ಹೊತ್ತು ತಿರುಗುವುದೇ ಇಲ್ಲಿ ಅಪರಾಧ. ಕಿಟಕಿಯಿಂದ ಅದನ್ನು ಕಂಡ ನೆರೆಯವರಿಗೆ ಅದು ನಕಲೆಂದು ತಿಳಿಯುವ ದಾರಿಯೂ ಇಲ್ಲ, ಕರೆ ಹೋದರೆ ಬರುವುದು ಶಸ್ತ್ರಸಜ್ಜಿತ ಪೊಲೀಸರು. ಬಸ್ಸು, ರೈಲಿನಲ್ಲಿ ಹೋಗುವವರು ಒಳಗೇನಿದೆಯೆಂದು ಹೊರಗೆ ತೋರದ ಚೀಲವನ್ನೇ ಬಳಸಿ. ಊರಿಗೆ ಹೋಗುವಾಗ ತಮ್ಮನಿಗೆ ತೋರಿಸೋಣವೆಂದು ಅದನ್ನು ಕೈಚೀಲಕ್ಕೆ ಹಾಕಿಕೊಳ್ಳುವ ಯೋಚನೆಯೇ ಬೇಡ; ನಕಲು ಬಂದೂಕನ್ನು ವಿಮಾನದೊಳಗೆ ಒಯ್ಯಲು ಬಿಡುವುದಿಲ್ಲ.

ಸ್ವಂತ ಗನ್ನಿನೊಂದಿಗೆ ಮೈದಾನಕ್ಕೆ ಹೋಗುವ ಮೊದಲ ದಿನ ಅರ್ಧ ಗಂಟೆ ಮುಂಚೆಯೇ ತಲುಪಿ. ಬೆಳಿಗ್ಗೆ ಮೇಲ್ವಿಚಾರಕರು ಪ್ರತಿ ಗನ್ನಿನ ವೇಗವನ್ನು ಕ್ರೋನೋಗ್ರಾಫ್ ಯಂತ್ರದಲ್ಲಿ ಅಳೆಯುತ್ತಾರೆ. ಭಾರದ ಗುಂಡಿನಲ್ಲಿ ಕೆಲವು ಗನ್‌ಗಳ, ವಿಶೇಷವಾಗಿ ಅನಿಲದವುಗಳ, ಶಕ್ತಿ ಏರುವುದರಿಂದ ನೀವು ಆಡಲಿರುವ ಗುಂಡನ್ನೇ ಹಾಕಿ ಅಳೆಯಿಸಿ. ಆಮೇಲೆ ಗುರಿ ಅಭ್ಯಾಸದ ಜಾಗದಲ್ಲಿ ನಿಂತು, ಗುಂಡು ನೇರವಾಗಿ ಸಾಗಿ ಕೊನೆಯಲ್ಲಿ ಮಾತ್ರ ಮೆಲ್ಲಗೆ ಇಳಿಯುವವರೆಗೆ ಹಾಪ್-ಅಪ್ಪಿನ ಚಕ್ರವನ್ನು ಒಂದೊಂದೇ ಹಲ್ಲು ತಿರುಗಿಸುತ್ತಾ ಹೋಗಿ. ಗುಂಡು ಕೊನೆಯಲ್ಲಿ ಮೇಲಕ್ಕೆ ಜಿಗಿಯುತ್ತಿದ್ದರೆ ಒಂದು ಹಲ್ಲು ಹಿಂದಕ್ಕೆ.